ಅಗೆದ ಮಣ್ಣು ಗುಂಡಿಗೆ ಹಿಡಿಸದು

ಅಹಮದಾಬಾದಿನ ಈಶಾನ್ಯ ಅಂಚಿನ ನರೋಡಾದಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿನ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಸಿಕ್ಕಿ ಭಾವ ಊರು ಬಿಟ್ಟವರು, ಅಲ್ಲೇ ನೆಲೆ ನಿಂತರು. ಕಳೆದ ಸಲ ನಾನು ಹೋದಾಗ ಅವರ ಮನೆಯ ಹಿಂಬದಿಯ ಖಾಲಿ ನಿವೇಶನದಲ್ಲಿ ಪಾಯ ತೋಡುತ್ತಿದ್ದರು. ಮೂರನೆಯ ಮಹಡಿಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು: ಹಿಟಾಚಿ ಯಂತ್ರ ಬಾಚಿ ಬಾಚಿ ಮಣ್ಣು ಎತ್ತುವುದು, ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್ ಟ್ರಾಲಿಗಳು, ಮೂಲೆಗಳನ್ನು ಗುದ್ದಲಿಯಿಂದ ಒಪ್ಪ ಮಾಡುತ್ತಿದ್ದ ದಾಹೋದ್ ಕಡೆಯ ಕೂಲಿಕಾರರು. ಕಿಟಕಿಯ ಈಚೆ ಅಕ್ಕನ ಮಗನೂ ನೆಲ ಅಗೆಯುತ್ತಿದ್ದ, ಕಂಪ್ಯೂಟರಿನಲ್ಲಿ.

"ಮಾಮ, ಈ ಗುಡ್ಡ ಕಡಿದು ಮನೆ ಕಟ್ಟೋ ಜಾಗ ಮಾಡ್ತಿದ್ದೀನಿ. ಇನ್ನೊಂದು ಮೂಲೆ ಬಾಕಿ," ಎಂದ. ಪರದೆಯ ಮೇಲಿನ ಆಳು ಸಲಿಕೆ ಬೀಸಿದ, ಮೂಲೆ ಒಂದಿಷ್ಟು ತಗ್ಗಿತು, ಚೀಲಕ್ಕೆ ಒಂದು ಪಾಲು ಮಣ್ಣು ಸೇರಿತು. ಮತ್ತೆ ಬೀಸಿದ, ಮತ್ತೊಂದು ಪಾಲು. ಅವನು ಆಡುತ್ತಿದ್ದ ಆಟದ ಹೆಸರು ವುರ್ಮ್ ಆನ್‌ಲೈನ್. ಸ್ವೀಡನ್ನಿನ ರೋಲ್ಫ್ ಯಾನ್ಸನ್ ಮತ್ತು ಮಾರ್ಕಸ್ ಪರ್ಸನ್ ಸೇರಿ ಶುರುಮಾಡಿ 2006ರಲ್ಲಿ ಜನರ ಮುಂದಿಟ್ಟ ಆಟ ಇದು. ಮುಂದೆ ಇದೇ ಪರ್ಸನ್ ಹೊರಬಂದು ಮೈನ್‌ಕ್ರಾಫ್ಟ್ ಮಾಡಿದರು. ಅದರ ಹೆಸರು ಕೇಳದ ಮಕ್ಕಳು ಇಂದು ಕಡಿಮೆ. ಎರಡರಲ್ಲೂ ಆಟಗಾರನಿಗೆ ಗೆಲ್ಲಲೇಬೇಕಾದ ಗುರಿಯೆಂಬುದು ಇಲ್ಲ. ಒಂದು ಲೋಕವಿದೆ, ಅದರ ನೆಲವನ್ನು ಅಗೆಯಬಹುದು, ತುಂಬಬಹುದು, ಮಟ್ಟ ಮಾಡಬಹುದು.

ಆ ಸಂಜೆಯೆಲ್ಲ ನಾನು ಒಮ್ಮೆ ಪರದೆಯನ್ನೂ ಒಮ್ಮೆ ಕಿಟಕಿಯನ್ನೂ ನೋಡುತ್ತ ಕುಳಿತೆ. ಎರಡೂ ಕಡೆ ನಡೆಯುತ್ತಿದ್ದದ್ದು ಒಂದೇ ಕೆಲಸ. ಆದರೆ ಒಂದು ಕಡೆ ಮಣ್ಣು ಬರೀ ಸಂಖ್ಯೆ. ಇನ್ನೊಂದು ಕಡೆ ಅದು ಕಣ, ನೀರು, ಗಾಳಿ ಮೂರೂ ಸೇರಿದ ವಸ್ತು. ಈ ಅಧ್ಯಾಯ ಆ ವ್ಯತ್ಯಾಸದ್ದು.

ಮೊದಲು ಪರದೆಯೊಳಗಿನ ನೆಲ ಹೇಗಿದೆ ನೋಡೋಣ. ವುರ್ಮ್‌ನ ಲೋಕವನ್ನು 4 ಮೀಟರಿಗೆ 4 ಮೀಟರಿನ ಚೌಕಗಳಾಗಿ ಹೆಣೆದಿದ್ದಾರೆ. ಕಂಪ್ಯೂಟರು ಚೌಕದೊಳಗಿನ ಮಣ್ಣನ್ನು ನೆನಪಿಡುವುದಿಲ್ಲ, ಮೂಲೆಗಳ ಎತ್ತರವನ್ನಷ್ಟೇ ನೆನಪಿಡುತ್ತದೆ. ನಾಲ್ಕು ಮೂಲೆಗಳ ಎತ್ತರ ಗೊತ್ತಿದ್ದರೆ ನಡುವೆ ಚಾದರ ಹಾಸಿದಂತೆ ನೆಲವನ್ನು ಚಿತ್ರಿಸಬಹುದಲ್ಲ. ಇಡೀ ಬೆಟ್ಟ, ಕಣಿವೆ, ಕಡಲತೀರವೆಲ್ಲ ಹೀಗೆ ಸಂಖ್ಯೆಗಳ ಒಂದು ಉದ್ದನೆಯ ಕೋಷ್ಟಕ. ಒಂದು ಸಲ ಅಗೆದರೆ ಒಂದು ಮೂಲೆಯ ಸಂಖ್ಯೆಯಲ್ಲಿ ಒಂದು ಕಳೆಯುತ್ತದೆ, ಸುರಿದರೆ ಒಂದು ಕೂಡುತ್ತದೆ. ಮಟ್ಟ ಮಾಡಲು ಎರಡು ಆಜ್ಞೆಗಳಿವೆ. ಒಂದರಲ್ಲಿ ಚೌಕದ ಎತ್ತರದ ಮೂಲೆಯಿಂದ ತೆಗೆದ ಮಣ್ಣು ತಗ್ಗಿನ ಮೂಲೆಗೆ ಹೋಗುತ್ತದೆ, ಹೊರಗಿನಿಂದ ಏನೂ ಬೇಕಿಲ್ಲ. ಇನ್ನೊಂದರಲ್ಲಿ ಚೀಲದಲ್ಲಿರುವ ಮಣ್ಣೂ ಸೇರಿಕೊಳ್ಳುತ್ತದೆ. ರಸ್ತೆ, ರೈಲು, ಅಣೆಕಟ್ಟೆಗಳ ಇಂಜಿನಿಯರುಗಳು ತಲೆ ಕೆಡಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ: ಕಡಿದದ್ದು ತುಂಬುವುದಕ್ಕೆ ಸಾಲುವಂತೆ ರೇಖೆ ಎಳೆದರೆ ಹೊರಗಿನಿಂದ ಮಣ್ಣು ತರುವ ಖರ್ಚಿಲ್ಲ, ಹೊರಗೆ ಸಾಗಿಸುವ ಖರ್ಚೂ ಇಲ್ಲ.

ನನಗೆ ಸಂತೋಷ ಕೊಟ್ಟ ಸಂಗತಿ ಇದು. ಸಿವಿಲ್ ಇಂಜಿನಿಯರು ದೊಡ್ಡ ಗುಂಡಿಯ ಮಣ್ಣು ಅಳೆಯುವ ಹಳೆಯ ಕ್ರಮವೂ ಈ ಆಟದ ಕ್ರಮವೂ ಅಕ್ಷರಶಃ ಒಂದೇ. ನಿವೇಶನದ ಮೇಲೆ ಸುಣ್ಣದಲ್ಲಿ ಚೌಕ ಹಾಕುತ್ತಾರೆ. ಪ್ರತಿ ಮೂಲೆಯಲ್ಲೂ ಅಗೆಯುವ ಮುಂಚಿನ ಎತ್ತರ, ಅಗೆದ ಮೇಲಿನ ಎತ್ತರ ಬರೆದುಕೊಳ್ಳುತ್ತಾರೆ. ಒಂದು ಚೌಕದ ನಾಲ್ಕು ಮೂಲೆಗಳ ಆಳದ ಸರಾಸರಿಯನ್ನು ಅದರ ವಿಸ್ತೀರ್ಣದಿಂದ ಗುಣಿಸಿದರೆ ಅಲ್ಲಿಂದ ತೆಗೆದ ಮಣ್ಣಿನ ಗಾತ್ರ ಸಿಕ್ಕಿತು. ಎಲ್ಲ ಚೌಕಗಳನ್ನೂ ಕೂಡುವಾಗ ನಡುವಿನ ಮೂಲೆ ನಾಲ್ಕು ಚೌಕಗಳಿಗೆ ಸೇರಿದ್ದರಿಂದ ನಾಲ್ಕು ಸಲ, ಅಂಚಿನದು ಎರಡು ಸಲ, ಕಟ್ಟಕಡೆಯದು ಒಂದೇ ಸಲ ಲೆಕ್ಕಕ್ಕೆ ಬರುತ್ತದೆ. ಅಳಿಯನಿಗೆ ಈ ಸೂತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದೆ. "ಇದು ನಂಗೆ ಗೊತ್ತಿತ್ತು, ಆದ್ರೆ ಇದು ಸೂತ್ರ ಅಂತ ಗೊತ್ತಿರಲಿಲ್ಲ," ಎಂದ. ಆಡುತ್ತ ಆಡುತ್ತ ಕೈಗೆ ಬಂದ ಗಣಿತವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಅದೇ ಸೂತ್ರದಿಂದ ಆಟದ ಸಲಿಕೆಯನ್ನು ತೂಗಿ ನೋಡಿ. ವುರ್ಮ್‌ನಲ್ಲಿ ಚೌಕದ 4 ಮೀಟರಿನ ಬದಿಯ ಎರಡು ತುದಿಗಳ ನಡುವೆ 40 ಪಾಲು ಎತ್ತರದ ವ್ಯತ್ಯಾಸವಿದ್ದರೆ ಇಳಿಜಾರು 45 ಡಿಗ್ರಿ, ಅಂದರೆ ಒಂದು ಪಾಲು 10 ಸೆಂಟಿಮೀಟರ್. ಒಂದು ಮೂಲೆ ಅಷ್ಟು ತಗ್ಗಿದರೆ ಸುತ್ತಲಿನ ನಾಲ್ಕು ಚೌಕಗಳಿಂದ ಒಟ್ಟು 1.6 ಘನ ಮೀಟರ್ ಮಣ್ಣು ಹೋಯಿತು. ನಿಜದ ನೆಲದಲ್ಲಿ ಅದರ ತೂಕ ಎರಡೂವರೆ ಟನ್ನಿಗೂ ಹೆಚ್ಚು. ಆಟದ ಚೀಲಕ್ಕೆ ಬಿದ್ದ ಪಾಲಿನ ತೂಕ 20 ಕಿಲೋ. ಕಿಟಕಿಯ ಕೆಳಗೆ ಮೂಲೆ ಒಪ್ಪ ಮಾಡುತ್ತಿದ್ದವರ ಬೆನ್ನಿನ ಮೇಲೆ ಉಳಿದ ತೂಕವೆಲ್ಲ ಇತ್ತು.

ತೂಕಕ್ಕಿಂತ ದೊಡ್ಡ ಸುಳ್ಳು ಗಾತ್ರದ್ದು. ಆಟದಲ್ಲಿ ನೂರು ಪಾಲು ಅಗೆದರೆ ನೂರು ಪಾಲು ಸುರಿಯಬಹುದು. ನಿಜದ ಮಣ್ಣು ಹಾಗಲ್ಲ. ಗಿಡ ನೆಡಲು ಗುಂಡಿ ತೋಡಿದವರಿಗೆ ಇದು ಗೊತ್ತು: ತೆಗೆದ ಮಣ್ಣನ್ನು ಹಾಗೇ ತುಂಬಿದರೆ ಗುಂಡಿ ತುಂಬಿ ಮೇಲೆ ಗುಪ್ಪೆಯಾಗುತ್ತದೆ. ಸಾವಿರಾರು ವರ್ಷ ಒತ್ತಿಕೊಂಡು ಕೂತಿದ್ದ ಕಣಗಳು ಸಡಿಲವಾದಾಗ ನಡುವೆ ಗಾಳಿ ತುಂಬಿಕೊಳ್ಳುತ್ತದೆ. ಮರಳಾದರೆ ಸುಮಾರು 10ರಿಂದ 15 ಶೇಕಡಾ, ಜೇಡಿಯಾದರೆ 20ರಿಂದ 40, ಒಡೆದ ಬಂಡೆಯಾದರೆ 50 ಶೇಕಡಾ ಅಥವಾ ಅದಕ್ಕೂ ಮೀರಿ ಉಬ್ಬುತ್ತದೆ. ಕಿಟಕಿಯ ಕೆಳಗಿನ ಗುಂಡಿ ಸುಮಾರು 20 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳ ಎಂದುಕೊಳ್ಳಿ. ನೆಲದಲ್ಲಿದ್ದಾಗ ಅದು 900 ಘನ ಮೀಟರ್. 25 ಶೇಕಡಾ ಉಬ್ಬಿದರೆ ಟ್ರಾಲಿಗೆ ಬೀಳುವುದು 1,125 ಘನ ಮೀಟರ್. ಒಂದು ಟ್ರಾಲಿಗೆ 3 ಘನ ಮೀಟರ್ ಹಿಡಿದರೆ 300 ಫೇರಾ ಎಂದು ಮಾತಾಡಿದವನು 375 ಫೇರಾ ಹೊಡೆಯಬೇಕಾಗುತ್ತದೆ. ಗುಜರಾತಿನಲ್ಲಿ ಗಾಡಿಯ ಹೋಗಿಬರುವ ಸುತ್ತಿಗೆ ಫೇರಾ ಎನ್ನುತ್ತಾರೆ. ಮಣ್ಣಿನ ಗುತ್ತಿಗೆಯ ಜಗಳಗಳಲ್ಲಿ ಎಷ್ಟೋ ಈ 75 ಫೇರಾಗಳ ಸುತ್ತ ಹುಟ್ಟಿದವು. ಗುಂಡಿಯನ್ನು ಅಳೆದು ದುಡ್ಡು ಕೊಡುವುದೋ, ಟ್ರಾಲಿ ಎಣಿಸಿ ಕೊಡುವುದೋ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ.

ನಮ್ಮ ಕೆರೆ ಹೂಳೆತ್ತುವ ಕೆಲಸಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಅಗೆಯುವಾಗ ನಡುನಡುವೆ ಒಂದೊಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಬಿಡುತ್ತಾರೆ. ಮೇಲೆ ಹುಲ್ಲು ಹಾಗೇ ಇರುತ್ತದೆ. ಅಳತೆಯವರು ಬಂದಾಗ ಆ ದಿಬ್ಬದ ತಲೆಯಿಂದ ಕೆಳಗೆ ಟೇಪು ಇಳಿಬಿಡುತ್ತಾರೆ. ಮೊದಲಿನ ನೆಲ ಎಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇನ್ನು ತುಂಬುವ ಕಥೆ ತಿರುಗುಮುರುಗು. ಸುರಿದ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿದರೆ ಅದು ಮೂಲ ನೆಲಕ್ಕಿಂತಲೂ ಬಿಗಿಯಾಗಿ ಕೂರಬಹುದು. ಆಗ ಅದೇ ಗುಂಡಿಗೆ ಅದೇ ಮಣ್ಣು ಸಾಲದೆ ಹೋಗುತ್ತದೆ. ಎಷ್ಟು ಬಿಗಿ ಎಂಬುದನ್ನು ತೀರ್ಮಾನಿಸುವುದು ಹೊಡೆತದ ಜೊತೆಗೆ ನೀರು. 1933ರಲ್ಲಿ ಲಾಸ್ ಏಂಜಲೀಸಿನ ಇಂಜಿನಿಯರ್ ಆರ್. ಆರ್. ಪ್ರಾಕ್ಟರ್ ಇದನ್ನು ಅಳತೆಗೆ ತಂದರು. ಒಂದೇ ಮಣ್ಣಿಗೆ ಬೇರೆಬೇರೆ ಪ್ರಮಾಣದ ನೀರು ಬೆರೆಸಿ, ಡಬ್ಬಿಯಲ್ಲಿ ಪದರ ಪದರವಾಗಿ ತುಂಬಿ, ಒಂದೇ ಲೆಕ್ಕದಲ್ಲಿ ಕುಟ್ಟಿ, ತೂಗಬೇಕು. ನಮ್ಮ ದೇಶದ ಮಾನಕದಲ್ಲಿ ಇದಕ್ಕೆ 2.6 ಕಿಲೋ ಗುಂಡು, 310 ಮಿಲಿಮೀಟರ್ ಎತ್ತರ, ಮೂರು ಪದರ, ಪದರಕ್ಕೆ 25 ಪೆಟ್ಟು. ಒಣಮಣ್ಣು ಕುಟ್ಟಿದರೆ ಕಣಗಳು ಒಂದಕ್ಕೊಂದು ತಡೆದು ನಿಲ್ಲುತ್ತವೆ. ಸ್ವಲ್ಪ ನೀರು ಸೇರಿದರೆ ಜಾರಿ ಒತ್ತೊತ್ತಾಗುತ್ತವೆ. ಇನ್ನೂ ನೀರು ಸೇರಿದರೆ ಕಣ ಕೂರಬೇಕಾದ ಜಾಗದಲ್ಲಿ ನೀರು ಕೂತುಬಿಡುತ್ತದೆ, ನೀರನ್ನು ಕುಟ್ಟಿ ಕುಗ್ಗಿಸಲಾಗದು. ಇವೆರಡರ ನಡುವೆ ಪ್ರತಿ ಮಣ್ಣಿಗೂ ಒಂದು ಹದವಿದೆ. ಕೆರೆ ಏರಿ ಕಟ್ಟುತ್ತಿದ್ದ ನಮ್ಮ ಒಡ್ಡರು ಮುಷ್ಟಿಯಲ್ಲಿ ಮಣ್ಣು ಹಿಸುಕಿ, ಉಂಡೆ ನಿಲ್ಲುವುದೇ, ಅಂಗೈಗೆ ಅಂಟುವುದೇ ಎಂದು ನೋಡುತ್ತಿದ್ದದ್ದು ಇದೇ ಹದವನ್ನು. ಹದ ಎಂಬ ಮಾತಿಗೆ ಪ್ರಾಕ್ಟರ್ ಒಂದು ವಕ್ರರೇಖೆ ಬರೆದುಕೊಟ್ಟರು.

ಅಗೆದು ತುಂಬುವ ಈ ಕೆಲಸ ಬಹಳ ಹಳೆಯದು. ನರೋಡಾದಿಂದ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಲೋಥಲ್ ಸಿಗುತ್ತದೆ. ಧೋಲ್ಕಾ ತಾಲ್ಲೂಕಿನ ಸರಗವಾಲಾ ಎಂಬ ಊರಿನ ಹತ್ತಿರದ ದಿಬ್ಬ. 1954ರಲ್ಲಿ ಇದು ಹರಪ್ಪಾ ಕಾಲದ ನೆಲೆ ಎಂದು ಗುರುತಿಸಿದವರು, 1955ರಿಂದ 1960ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾಗಿ ಅಗೆತ ನಡೆಸಿದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿ, ಗುಜರಾತಿನ ಮಣ್ಣನ್ನು ಬಲ್ಲವರಾಗಿದ್ದರು. ಅಳಿಯನನ್ನು ಕರೆದುಕೊಂಡು ಒಂದು ದಿನ ಅಲ್ಲಿಗೆ ಹೋಗಿಬಂದೆ.

ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದವರ ಮುಖ್ಯ ಚಿಂತೆ ನೆರೆ. ಸಾಬರಮತಿ ಮತ್ತು ಭೋಗಾವೊ ನದಿಗಳ ನಡುವಿನ ತಗ್ಗು ಬಯಲು ಅದು. ಹಾಗಾಗಿ ಮನೆಗಳನ್ನು ನೆಲದ ಮೇಲೆ ಕಟ್ಟಲಿಲ್ಲ. ಬಿಸಿಲಿಗೆ ಒಣಗಿಸಿದ ಇಟ್ಟಿಗೆಯಿಂದ ಒಂದೆರಡು ಮೀಟರ್ ಎತ್ತರದ ಜಗಲಿಗಳನ್ನು ಎಬ್ಬಿಸಿ, ಒಂದೊಂದರ ಮೇಲೆ 20–30 ಮನೆ ಕಟ್ಟಿದರು. ಉಗ್ರಾಣದ ಜಗಲಿ ಮೂರೂವರೆ ಮೀಟರ್ ಎತ್ತರದ್ದು. ಜಗಲಿಯ ಮೇಲ್ಮೈ ಸಮವಾಗಿರದಿದ್ದರೆ ಗೋಡೆ ವಾಲುತ್ತದೆ, ಚರಂಡಿ ಹರಿಯದು. ಆ ಜನರ ಬಳಿ ಅಳತೆಯ ಸಲಕರಣೆಗಳಿದ್ದವು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಸುಟ್ಟ ಮಣ್ಣಿನ ತೂಗುಗುಂಡುಗಳು ಇಲ್ಲಿ ಸಿಕ್ಕಿವೆ. ದಂತದ ಒಂದು ಅಳತೆಪಟ್ಟಿಯೂ ಸಿಕ್ಕಿದೆ. ಅದರ ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ 1.7 ಮಿಲಿಮೀಟರ್.

ಊರಿನ ಪೂರ್ವಕ್ಕೆ ಆ ಹೆಸರಾಂತ ಕೊಳವಿದೆ: ಸುಮಾರು 215 ಮೀಟರ್ ಉದ್ದ, 36 ಮೀಟರ್ ಅಗಲ, ನಾಲ್ಕು ಮೀಟರ್ ಆಳ, ಒಳಗೋಡೆಗೆ ಸುಟ್ಟ ಇಟ್ಟಿಗೆ. ಹಡಗುಗಳು ತಂಗುತ್ತಿದ್ದ ಹಡಗುಕಟ್ಟೆ ಎಂದರು ರಾವ್. ನೀರಾವರಿಯ ತೊಟ್ಟಿಯಿರಬಹುದು ಎಂದು 1968ರಲ್ಲಿ ಲಾರೆನ್ಸ್ ಲೆಶ್ನಿಕ್ ವಾದಿಸಿದರು. ವಾದ ಬಹುಕಾಲ ನಡೆಯಿತು. 2024ರಲ್ಲಿ ಐಐಟಿ ಗಾಂಧಿನಗರದ ಸಂಶೋಧಕರು ಉಪಗ್ರಹ ಚಿತ್ರಗಳನ್ನೂ ಹಳೆಯ ನಕ್ಷೆಗಳನ್ನೂ ಹೊಂದಿಸಿ ನೋಡಿ, ಹರಪ್ಪಾ ಕಾಲದಲ್ಲಿ ಸಾಬರಮತಿ ಲೋಥಲ್ಲಿನ ಪಕ್ಕದಲ್ಲೇ ಹರಿಯುತ್ತಿತ್ತು ಎಂದು ಪ್ರಕಟಿಸಿದರು. ರಾವ್ ಅವರ ಮಾತಿಗೆ ಇದು ಬಲವಾದ ಬೆಂಬಲ. ಅವರು 2013ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ.

ಕೊಳದ ದಂಡೆಯ ಮೇಲೆ ನಿಂತು ಅಳಿಯ ಲೆಕ್ಕ ಹಾಕಿದ. ಸುಮಾರು 31 ಸಾವಿರ ಘನ ಮೀಟರ್ ಮಣ್ಣು. ಅವನ ಆಟದಲ್ಲಾದರೆ 19 ಸಾವಿರಕ್ಕೂ ಹೆಚ್ಚು ಸಲ ಸಲಿಕೆ ಬೀಸಬೇಕು. ನಾನು ಇನ್ನೊಂದು ಲೆಕ್ಕ ಕೊಟ್ಟೆ: ಒಬ್ಬ ಆಳು ದಿನಕ್ಕೆ ಎರಡು ಘನ ಮೀಟರ್ ಅಗೆದು ಹೊತ್ತುಹಾಕುತ್ತಾನೆ ಎಂದುಕೊಂಡರೆ, 500 ಜನಕ್ಕೆ ಒಂದು ತಿಂಗಳ ಕೆಲಸ. ಅದೂ ಅಗೆಯುವುದಷ್ಟೇ. ಇಟ್ಟಿಗೆ ಕೊಯ್ದು, ಸುಟ್ಟು, ಕಟ್ಟಿದ್ದು ಬೇರೆ.

ಲೋಥಲ್ ಇನ್ನೊಂದು ವಿಷಯವನ್ನೂ ಕಲಿಸುತ್ತದೆ. ಆಟದ ಕೋಷ್ಟಕ ಪ್ರತಿ ಮೂಲೆಗೂ ಇಂದಿನ ಎತ್ತರವನ್ನು ಇಟ್ಟುಕೊಂಡಿರುತ್ತದೆ. ನಿನ್ನೆ ಅಲ್ಲಿ ಗುಡ್ಡವಿತ್ತು ಎಂಬುದನ್ನು ಮಟ್ಟ ಮಾಡಿದ ಜಾಗ ಹೇಳದು. ನಿಜದ ನೆಲದಲ್ಲಿ ಮೊದಲು ಬಿದ್ದದ್ದು ಕೆಳಗೆ, ಆಮೇಲಿನದು ಮೇಲೆ. ನೆರೆ ತಂದ ಹೂಳು ಒಂದು ಪದರ, ಅದರ ಮೇಲೆ ಮತ್ತೆ ಕಟ್ಟಿದ ಜಗಲಿ ಇನ್ನೊಂದು. ಊರು ನೆರೆಗೆ ಸಿಕ್ಕು ಮತ್ತೆ ಮತ್ತೆ ಎದ್ದದ್ದನ್ನು ರಾವ್ ಓದಿದ್ದು ಈ ಪದರಗಳಲ್ಲಿ. ಪುರಾತತ್ವದವರು ಅಗೆಯುವಾಗ ಎರಡು ಗುಂಡಿಗಳ ನಡುವೆ ಮಣ್ಣಿನ ಗೋಡೆಯೊಂದನ್ನು ಉಳಿಸುವುದು ಇದಕ್ಕೇ. ಕೆರೆ ಕೆಲಸದ ಆ ಸಾಕ್ಷಿ ದಿಬ್ಬದ ಅಣ್ಣ ಇದು. ಒಮ್ಮೆ ಬುಲ್ಡೋಜರ್ ಆಡಿಸಿ ಸಮ ಮಾಡಿದ ದಿಬ್ಬದಿಂದ ಯಾರೂ ಏನನ್ನೂ ಓದಲಾರರು.

ಈಗ ಮಟ್ಟ ಎಂಬ ಮಾತಿಗೇ ಬರೋಣ. ಆಟದಲ್ಲಿ ನಾಲ್ಕು ಮೂಲೆಗಳಿಗೂ ಒಂದೇ ಸಂಖ್ಯೆ ಇದ್ದರೆ ಅದು ಮಟ್ಟ. ನಿಜದಲ್ಲಿ ನೆಲದ ಮೇಲೆ ಸಂಖ್ಯೆ ಬರೆದಿಲ್ಲ, ಹುಡುಕಿಕೊಳ್ಳಬೇಕು, ಹುಡುಕಿಕೊಡುವುದು ನೀರು. ಗಾರೆಯವರ ರಸಮಟ್ಟದೊಳಗಿನ ಗುಳ್ಳೆ, ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು, ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ ಕೊರಡು ಹೊಡೆಯುವುದು, ಎಲ್ಲದರ ಹಿಂದೆ ಇರುವುದು ಒಂದೇ ನಿಯಮ. ಆದರೆ ನೀರಿನ ಮಟ್ಟ ಚಪ್ಪಟೆಯಲ್ಲ. ಭೂಮಿ ಗುಂಡಗಿರುವುದರಿಂದ ನಿಂತ ನೀರಿನ ಮೇಲ್ಮೈಯೂ ಗುಂಡಗೆ. ದೂರದರ್ಶಕದಿಂದ ನೇರ ರೇಖೆಯಲ್ಲಿ ನೋಡಿದರೆ ಒಂದು ಕಿಲೋಮೀಟರಿಗೆ ಸುಮಾರು 8 ಸೆಂಟಿಮೀಟರ್ ತಪ್ಪುತ್ತದೆ, ಹತ್ತು ಕಿಲೋಮೀಟರಿಗೆ ಸುಮಾರು 8 ಮೀಟರ್. ಅದಕ್ಕೇ ಸರ್ವೆಯವರು ಉಪಕರಣವನ್ನು ಎರಡು ಅಳತೆಕೋಲುಗಳ ನಡುಮಧ್ಯದಲ್ಲಿ ನಿಲ್ಲಿಸುತ್ತಾರೆ. ಎರಡೂ ಕಡೆಯ ತಪ್ಪು ಸಮವಾಗಿ ಕಳೆದುಹೋಗುತ್ತದೆ.

ಅಹಮದಾಬಾದಿನಂಥ ಊರಿನಲ್ಲಿ ಈ ಎಂಟು ಸೆಂಟಿಮೀಟರ್ ಸಣ್ಣ ಮಾತಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 53 ಮೀಟರ್ ಎತ್ತರದಲ್ಲಿದೆ, ಖಂಭಾತ್ ಕೊಲ್ಲಿ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಂದರೆ ನೆಲ ಕಿಲೋಮೀಟರಿಗೆ ಸರಾಸರಿ ಅರ್ಧ ಮೀಟರ್ ಇಳಿಯುತ್ತದೆ, ಅಷ್ಟೇ. ನರೋಡಾದ ಪಕ್ಕದಲ್ಲಿ ಹಾದುಹೋಗುವ ಖಾರಿಕಟ್ ಕಾಲುವೆಯನ್ನು 19ನೆಯ ಶತಮಾನದ ಕೊನೆಯಲ್ಲಿ ತೋಡಿದವರು ಖಾರಿ ನದಿಯ ನೀರನ್ನು ಇಷ್ಟು ಕಿರಿದಾದ ಇಳಿಜಾರಿನಲ್ಲೇ ಗದ್ದೆಗಳಿಗೆ ಹರಿಸಿದರು. ಅದೇ ಕಾಲುವೆ ಮುಂದೆ ಕಾರ್ಖಾನೆಗಳ ಕೊಳೆನೀರಿನ ಹಾದಿಯಾದದ್ದು ಆ ಕೈಗಳಿಗೆ ಮಾಡಿದ ಅವಮಾನ ಎಂದೇ ನನಗನ್ನಿಸುತ್ತದೆ. ನರ್ಮದೆಯ ಮುಖ್ಯ ಕಾಲುವೆ ಇನ್ನೂ ದೊಡ್ಡ ಉದಾಹರಣೆ. ಅದರ ಬಾಯಲ್ಲಿ ತುಂಬಿದ ನೀರಿನ ಮಟ್ಟ 91.44 ಮೀಟರ್. ಅಲ್ಲಿಂದ ಗುಜರಾತಿನೊಳಗೆ 458 ಕಿಲೋಮೀಟರ್ ತನ್ನ ಭಾರದಿಂದಲೇ ಹರಿದು ರಾಜಸ್ಥಾನದ ಗಡಿ ಮುಟ್ಟುತ್ತದೆ.

ಮಣ್ಣಿನ ಜಾತಿಯನ್ನೂ ಆಟ ಅಷ್ಟಾಗಿ ಎಣಿಸುವುದಿಲ್ಲ. ಅಹಮದಾಬಾದಿನ ಸುತ್ತ ನದಿ ತಂದ ಮರಳುಮಿಶ್ರಿತ ಗೋರಾಡು ಮಣ್ಣು. ದಕ್ಷಿಣಕ್ಕೆ ವಡೋದರಾ ದಾಟಿ ಸೂರತ್ ಕಡೆ ಹೋದಂತೆ ಕಪ್ಪು ಮಣ್ಣು, ನಮ್ಮ ಧಾರವಾಡ, ವಿಜಯಪುರದ ಎರೆ. ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ, ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಇಂದು ಮಟ್ಟ ಮಾಡಿದ ಎರೆ ನೆಲ ಮುಂದಿನ ಮಳೆಗಾಲಕ್ಕೆ ಮಟ್ಟವಾಗಿರುವುದಿಲ್ಲ.

ಕೊನೆಯ ವ್ಯತ್ಯಾಸ ಪ್ರಾಣದ್ದು. ಮೈನ್‌ಕ್ರಾಫ್ಟಿನಲ್ಲಿ ಮರಳು ಮತ್ತು ಜಲ್ಲಿ ಆಧಾರ ತಪ್ಪಿದರೆ ಬೀಳುತ್ತವೆ, ಮಣ್ಣು ಗಾಳಿಯಲ್ಲೇ ನಿಲ್ಲುತ್ತದೆ. ವುರ್ಮ್‌ನಲ್ಲಿ ಆಟಗಾರನ ಕೌಶಲ ಹೆಚ್ಚಿದಷ್ಟೂ ಕಡಿದಾದ ಇಳಿಜಾರು ಅಗೆಯಲು ಬಿಡುತ್ತದೆ. ನಿಜದಲ್ಲಿ ಕಡಿದ ಗೋಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅಗೆಯುವವನ ಕೌಶಲದ ಮಾತಲ್ಲ. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದ್ದ ಫ್ರೆಂಚ್ ಇಂಜಿನಿಯರ್ ಕೂಲಂಬ್ 1773ರಲ್ಲಿ ಇದನ್ನು ವಿವರಿಸಿದರು. ಇವರೇ ಮುಂದೆ ವಿದ್ಯುದಾವೇಶದ ನಿಯಮ ಬರೆದವರು. ಮಣ್ಣನ್ನು ಹಿಡಿದಿಡುವುದು ಎರಡು: ಕಣಗಳ ತಿಕ್ಕಾಟ ಮತ್ತು ಅಂಟು. ಒಣಮರಳಿಗೆ ಅಂಟಿಲ್ಲ, ಸುಮಾರು 30ರಿಂದ 35 ಡಿಗ್ರಿಗಿಂತ ಕಡಿದಾಗಿ ಅದು ನಿಲ್ಲದು. ತುಸು ಒದ್ದೆಯಾದ ಮರಳುಮಣ್ಣಿನಲ್ಲಿ ಕಣಗಳ ನಡುವಿನ ನೀರಿನ ತೆಳುಪೊರೆ ಕಣಗಳನ್ನು ಎಳೆದು ಹಿಡಿದಿರುತ್ತದೆ. ಈ ಅಂಟು ಅರ್ಧ ಮೀಟರ್ ನೀರಿನ ಕಂಬದ ಒತ್ತಡದಷ್ಟಿದ್ದರೂ ಸಾಕು, ಲೆಕ್ಕದ ಪ್ರಕಾರ ಸುಮಾರು ಎರಡು ಮೀಟರಿನ ನೆಟ್ಟನೆಯ ಗೋಡೆ ನಿಲ್ಲುತ್ತದೆ. ಬಿಸಿಲಿಗೆ ಆ ಪೊರೆ ಆರಿದರೆ ಅಂಟು ಹೋಯಿತು. ಅಡಿಯಿಂದ ನೀರು ಒಸರಿ ತೊಯ್ದರೂ ಹೋಯಿತು. ಬೆಳಿಗ್ಗೆ ಕಲ್ಲಿನಂತೆ ನಿಂತಿದ್ದ ಗೋಡೆ ಮಧ್ಯಾಹ್ನ ಸದ್ದಿಲ್ಲದೆ ಕುಸಿಯುತ್ತದೆ.

2024ರ ನವೆಂಬರ್ 27ರಂದು ಲೋಥಲ್ ಹತ್ತಿರ, ಹಳೆಯ ಕಾಲದ ಹವಾಮಾನ ತಿಳಿಯಲು ಮಣ್ಣಿನ ಮಾದರಿ ತೆಗೆಯುತ್ತಿದ್ದಾಗ, ಹತ್ತು ಅಡಿಯ ಆಸುಪಾಸಿನ ಆಳದ ಗುಂಡಿಯ ಗೋಡೆ ಕುಸಿಯಿತು. ದೆಹಲಿಯಿಂದ ಬಂದಿದ್ದ ಒಬ್ಬ ಯುವ ಸಂಶೋಧಕಿ ತೀರಿಕೊಂಡರು. ಲೋಥಲ್ಲಿನಿಂದ ಮರಳುವ ದಾರಿಯಲ್ಲಿ ಅಳಿಯನಿಗೆ ಇದನ್ನು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದವನೇ ಹಿಂಬದಿಯ ಕಿಟಕಿಗೆ ಹೋಗಿ, ಕೆಳಗಿನ ಗುಂಡಿಯ ಗೋಡೆಗಳು ಹೇಗಿವೆ ಎಂದು ನೋಡುತ್ತ ನಿಂತ.

ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 1.7 ಟನ್. ಎದೆಮಟ್ಟ ಹೂತವನನ್ನು ಉಸಿರು ಕಟ್ಟಿಸಲು ಅಷ್ಟೂ ಬೇಕಿಲ್ಲ. ನಮ್ಮ ದೇಶದ ಸುರಕ್ಷತಾ ಮಾನಕ ಐಎಸ್ 3764ರ ಪ್ರಕಾರ 1.5 ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆ, ಅಡ್ಡಪಟ್ಟಿಗಳ ಆಸರೆ ಕೊಡಲೇಬೇಕು; ಅಗೆದ ಮಣ್ಣನ್ನು ಕಂದಕದ ಅಂಚಿನಲ್ಲಿ ಗುಡ್ಡೆ ಹಾಕದೆ ದೂರ ಇಡಬೇಕು. ನಿಮ್ಮ ಬೀದಿಯಲ್ಲಿ ಒಳಚರಂಡಿಗೋ ಪಾಯಕ್ಕೋ ಅಗೆಯುತ್ತಿದ್ದರೆ ಒಂದು ನಿಮಿಷ ನಿಂತು ನೋಡಿ. ಆಳು ತಲೆ ಕಾಣದಷ್ಟು ಆಳದಲ್ಲಿದ್ದು, ಗೋಡೆಗೆ ಆಸರೆಯಿಲ್ಲದಿದ್ದರೆ, ಅವರನ್ನು ಮೇಲೆ ಬರಹೇಳಿ. ಕೆಲಸ ಮಾಡಿಸುತ್ತಿರುವವರನ್ನು ಕರೆದು ಹಲಗೆ ಕಟ್ಟಿಸಿ.